ಫೈಟರ್ ಮೀನಿಗೆ ದುಂಡು ಜಾಡಿ ಸಾಕೇ? ತೊಟ್ಟಿ ಸಿದ್ಧಪಡಿಸುವ ಮೊದಲು ಸಲಹೆ ಬೇಕು

ಕಲ್ಪತರು, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲೇ ಇದ್ದು ಓದುತ್ತಿರುವ ತಂಗಿಯ ಮಗನಿಗೆ ಹುಟ್ಟುಹಬ್ಬದ ಕೊಡುಗೆಯಾಗಿ ಒಂದು ಬೆಟ್ಟಾ ಮೀನನ್ನು, ಅಂದರೆ ಅಂಗಡಿಗಳಲ್ಲಿ ಫೈಟರ್ ಎಂದು ಮಾರುವ ಮೀನನ್ನು, ಕೊಡಿಸಬೇಕೆಂದಿದ್ದೇನೆ. ಅದಕ್ಕೆ ಇನ್ನೂ ಎರಡು ತಿಂಗಳ ಸಮಯವಿದೆ. ಅಂಗಡಿಯಲ್ಲಿ ವಿಚಾರಿಸಿದಾಗ, ಈ ಮೀನು ಮೇಲಕ್ಕೆ ಬಂದು ಗಾಳಿ ಕುಡಿಯುವುದರಿಂದ ಮೂರು ಲೀಟರಿನ ದುಂಡು ಗಾಜಿನ ಜಾಡಿ ಸಾಕೆಂದೂ, ಫಿಲ್ಟರ್ ಮತ್ತು ಹೀಟರ್ ಎರಡೂ ದಂಡದ ಖರ್ಚೆಂದೂ, ತನ್ನ ನಾಡಿನಲ್ಲಿ ಅದು ಗದ್ದೆಯ ಕೆಸರಿನಲ್ಲೇ ಬದುಕುತ್ತದೆಂದೂ ಹೇಳಿದರು. ಜಾಡಿಯೊಳಗೆ ಹೊರಳಲೂ ಜಾಗವಿಲ್ಲದೆ ನಿಂತಿದ್ದ ಮೀನನ್ನು ನೋಡಿದಾಗ ಆ ಮಾತನ್ನು ನಂಬಲು ನನ್ನ ಮನಸ್ಸು ಒಪ್ಪಲಿಲ್ಲ.

ನಮ್ಮಲ್ಲಿ ಬರುವುದು ಕೊಳವೆಬಾವಿಯ ನೀರು, ಅದರ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಅಳತೆ, ಸುಮಾರು 800 ಇದೆ. ಕುಡಿಯಲು ಆರ್‌ಒ ಯಂತ್ರವಿದೆ. ತೊಟ್ಟಿ ಎಷ್ಟು ದೊಡ್ಡದಿರಬೇಕು, ಯಾವ ನೀರನ್ನು ಹಾಕಬೇಕು, ಹೀಟರ್ ನಿಜವಾಗಿಯೂ ಬೇಕೇ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ನೀರಂಚು, ಮೈಸೂರು

ಕಲ್ಪತರು ಅವರೇ, ಮೀನು ತರುವ ಮೊದಲೇ ಕೇಳಿದ್ದೀರಲ್ಲ, ಅದಕ್ಕೆ ಮೊದಲು ಅಭಿನಂದನೆ. ಇಲ್ಲಿ ಬರುವ ಹೆಚ್ಚಿನ ಪ್ರಶ್ನೆಗಳು ಮೀನು ತಳ ಹಿಡಿದು ಮಲಗಿದ ಮೇಲೆ ಬರುತ್ತವೆ.

ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಇದರ ತವರು ಥಾಯ್ಲೆಂಡಿನ ಚಾವೊ ಫ್ರಾಯಾ ನದಿಯ ಬಯಲು. ಅಲ್ಲಿನ ಭತ್ತದ ಗದ್ದೆಗಳಲ್ಲಿ, ಜವುಗಿನಲ್ಲಿ, ನಿಧಾನವಾಗಿ ಹರಿಯುವ ಕಾಲುವೆಗಳಲ್ಲಿ ಅದು ಬದುಕುತ್ತದೆ. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಗದ್ದೆಯ ನೀರು ಮೊಣಕಾಲಿನಷ್ಟೂ ಆಳವಿಲ್ಲದಿರಬಹುದು, ಆದರೆ ಅದರ ಹರವನ್ನು ನೆನೆಸಿಕೊಳ್ಳಿ. ಆಳ ಕಡಿಮೆ ಎಂಬುದನ್ನು ನೀರೇ ಕಡಿಮೆ ಎಂದು ತಿಳಿದುಕೊಂಡಿದ್ದರಿಂದ ಈ ಜಾಡಿಯ ಪದ್ಧತಿ ಬೆಳೆದಿದೆ. ಇನ್ನು ಗಾಳಿ ಕುಡಿಯುವ ವಿಚಾರ. ಕಿವಿರುಗಳ ಮೇಲ್ಭಾಗದಲ್ಲಿ ಲ್ಯಾಬಿರಿಂತ್ ಎಂಬ ಅಂಗವಿರುವುದರಿಂದ ಈ ಮೀನು ನೀರಿನ ಮೇಲಿನ ಗಾಳಿಯನ್ನು ಬಳಸಿಕೊಳ್ಳಬಲ್ಲದು. ಆ ಅಂಗ ಆಮ್ಲಜನಕದ ಕೊರತೆಯನ್ನು ನೀಗಿಸುತ್ತದೆಯೇ ಹೊರತು, ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾದಿಂದ ಅದರ ಕಿವಿರನ್ನೂ ಚರ್ಮವನ್ನೂ ಕಾಪಾಡುವುದಿಲ್ಲ.

ಕನಿಷ್ಠ 20 ಲೀಟರ್ ನೀರು ಹಿಡಿಯುವ ತೊಟ್ಟಿಯನ್ನು ಕೊಳ್ಳಿ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ 28 ಲೀಟರಿನದು. ಮೇಲೆ ಎರಡು ಅಂಗುಲ ಖಾಲಿ ಬಿಟ್ಟು ತಳಕ್ಕೆ ಮರಳು ಹಾಸಿದರೆ 22 ಲೀಟರಿನಷ್ಟು ನೀರು ಉಳಿಯುತ್ತದೆ. ಜಾಗವಿದ್ದರೆ ಉದ್ದವನ್ನು ಒಂದೂವರೆ ಅಡಿಗೆ ಏರಿಸಿ, ಎತ್ತರವನ್ನು ಮಾತ್ರ ಏರಿಸಬೇಡಿ. ಉದ್ದ ರೆಕ್ಕೆಯ ಹಾಫ್‌ಮೂನ್ ತಳಿಯ ಮೀನಿಗೆ ಪ್ರತಿ ಉಸಿರಿಗೂ ತಳದಿಂದ ಮೇಲಕ್ಕೆ ಈಜುವುದೇ ಆಯಾಸವಾಗುತ್ತದೆ.

ಹಳೇ ತೊಟ್ಟಿ, ಬೆಂಗಳೂರು

ನೀರಂಚು ಅವರ ಮಾತಿಗೆ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಮರಿ ಮಾಡಿಸಿ ಮಾರುವವರೆಲ್ಲ ಗಂಡು ಮೀನುಗಳನ್ನು ಒಂದೊಂದು ಬಾಟಲಿಯಲ್ಲಿ ಬೇರೆ ಬೇರೆ ಇಟ್ಟೇ ಬೆಳೆಸುತ್ತಾರೆ, ಬಹುಮಾನ ಗೆಲ್ಲುವ ಮೀನುಗಳೂ ಹಾಗೆಯೇ ಬೆಳೆದಂಥವು. ನಾನು ನಾಲ್ಕು ಲೀಟರಿನ ಪಾತ್ರೆಯಲ್ಲಿ ವರ್ಷಗಟ್ಟಲೆ ಬೆಟ್ಟಾ ಸಾಕಿದ್ದೇನೆ. ಅವು ಬಣ್ಣಗುಂದಿಲ್ಲ, ರೆಕ್ಕೆ ಕೊಳೆತಿಲ್ಲ. ನೀರು ಬದಲಿಸುವ ಶಿಸ್ತಿದ್ದರೆ ಗಾತ್ರಕ್ಕೆ ಇಷ್ಟೊಂದು ಮಹತ್ವ ಕೊಡಬೇಕಾಗಿಲ್ಲ. ಹೊಸಬರಿಗೆ ದೊಡ್ಡ ಪಟ್ಟಿ ಕೊಟ್ಟು ಹೆದರಿಸಿದರೆ ಈ ಹವ್ಯಾಸಕ್ಕೆ ಬರುವವರೇ ಹಿಂದೆ ಸರಿಯುತ್ತಾರೆ.

ನೀರಂಚು, ಮೈಸೂರು

ನೀರು ಬದಲಿಸುವ ಶಿಸ್ತಿದ್ದರೆ ಎಂದು ನೀವೇ ಬರೆದಿದ್ದೀರಿ, ನಮ್ಮ ಚರ್ಚೆಯೆಲ್ಲ ಆ ಮಾತಿನಲ್ಲೇ ಇದೆ. ಮರಿ ಮಾಡಿಸುವವರಿಗೆ ದಿನವೂ, ಇಲ್ಲವೇ ದಿನ ಬಿಟ್ಟು ದಿನ ಬಾಟಲಿಗಳ ನೀರು ಬದಲಿಸುವುದೇ ಕಸುಬು. ಮೀನು ಅಲ್ಲಿರುವುದು ಮಾರಾಟವಾಗುವವರೆಗೆ ಮಾತ್ರ. ನಾಲ್ಕು ಲೀಟರಿನ ನೀರನ್ನು ಶಾಲೆಗೆ ಹೋಗುವ ಹುಡುಗ ಪರೀಕ್ಷೆಯ ದಿನಗಳಲ್ಲೂ ಹಾಗೆ ನೋಡಿಕೊಳ್ಳುತ್ತಾನೆಂದು ನಂಬಿ ಮೀನು ತರುವುದು ಸರಿಯಲ್ಲ. ಇಪ್ಪತ್ತು ಲೀಟರಿನಲ್ಲಿ ಒಂದು ವಾರ ತಡವಾದರೂ ಮೀನು ಉಳಿಯುತ್ತದೆ, ನಾಲ್ಕು ಲೀಟರಿನಲ್ಲಿ ಎರಡು ದಿನ ತಡವಾದರೆ ವಿಷ ಏರುತ್ತದೆ. ಹೊಸಬರಿಗೆ ದೊಡ್ಡ ತೊಟ್ಟಿಯೇ ಸುಲಭ.

ಹೊಂಗೆ ನೆರಳು, ಚಿತ್ರದುರ್ಗ

ಇದಲ್ಲದೆ ದುಂಡು ಜಾಡಿಯ ಬಾಯಿ ಕಿರಿದಾಗಿರುವುದರಿಂದ ನೀರಿಗೂ ಗಾಳಿಗೂ ಸಂಪರ್ಕ ಕಡಿಮೆಯಾಗುತ್ತದೆ, ಫಿಲ್ಟರನ್ನಾಗಲಿ ಹೀಟರನ್ನಾಗಲಿ ಕೂರಿಸಲು ನೆಟ್ಟಗಿನ ಗೋಡೆಯೂ ಇರುವುದಿಲ್ಲ.

ಸಹ್ಯಾದ್ರಿ ರಸಾಯನ, ಧಾರವಾಡ

ನಾನು ರಸಾಯನಶಾಸ್ತ್ರ ಬೋಧಿಸುವವನು, ಆದ್ದರಿಂದ ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಬರೆಯಲು ಅನುಮತಿ ಕೋರುತ್ತೇನೆ.

ಮೀನು ಹೊರಹಾಕುವ ತ್ಯಾಜ್ಯ ಮತ್ತು ತಿನ್ನದೆ ಉಳಿದ ಆಹಾರ ಎರಡೂ ನೀರಿನಲ್ಲಿ ಅಮೋನಿಯಾ ಆಗುತ್ತವೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ನೈಟ್ರೈಟ್ ಕೂಡ ವಿಷವೇ, ಅದು ರಕ್ತ ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಕುಂದಿಸುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತದೆ, ಇದು ಕಡಿಮೆ ಅಪಾಯದ್ದು. ವಾರಕ್ಕೊಮ್ಮೆ ನೀರಿನ ಕಾಲು ಭಾಗವನ್ನು ಬದಲಿಸಿ ನೈಟ್ರೇಟನ್ನು ಹತೋಟಿಯಲ್ಲಿಡಬಹುದು. ಈ ಬ್ಯಾಕ್ಟೀರಿಯಾ ವಾಸಿಸುವುದು ಮುಖ್ಯವಾಗಿ ಫಿಲ್ಟರಿನ ಸ್ಪಾಂಜಿನಲ್ಲಿ. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ನಿಮಗೆ ಎರಡು ತಿಂಗಳಿದೆಯಲ್ಲ, ಇವತ್ತೇ ತೊಟ್ಟಿಗೆ ನೀರು ತುಂಬಿಸಿ ಫಿಲ್ಟರ್ ಓಡಿಸಿ, ದಿನವೂ ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತಾ ಬನ್ನಿ. ಆ ಆಹಾರ ಕೊಳೆತು ಅಮೋನಿಯಾ ಕೊಡುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಪರಿಚಯದವರ ಆರೋಗ್ಯವಂತ ತೊಟ್ಟಿಯಿಂದ ಬಳಸಿದ ಸ್ಪಾಂಜಿನ ತುಂಡೊಂದು ಸಿಕ್ಕಿದರೆ ಕೆಲಸ ಇನ್ನೂ ಬೇಗ ಆಗುತ್ತದೆ. ಪರೀಕ್ಷಾ ಕಿಟ್ಟಿನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಲ್ಲಿ ನಿಂತು ನೈಟ್ರೇಟ್ ಕಾಣಿಸಿಕೊಂಡ ಮೇಲೆಯೇ ಮೀನು ತನ್ನಿ.

ಕೊಳವೆಬಾವಿಯ ನೀರಿನ ವಿಚಾರದಲ್ಲಿ ಒಂದು ಎಚ್ಚರಿಕೆಯಿದೆ. ಗಡಸು ನೀರಿನ ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ, ಅನೇಕ ವೇಳೆ 8ರ ಹತ್ತಿರವಿರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ, ಒಟ್ಟು ಅಮೋನಿಯಾ ಅಷ್ಟೇ ಇದ್ದರೂ ಅದರಲ್ಲಿನ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಮೈಸೂರಿನಲ್ಲಿ ಕಾವೇರಿ ನೀರು ಬಳಸುವವರು ತಪ್ಪಿಸಿಕೊಳ್ಳಬಹುದಾದ ನಿರ್ಲಕ್ಷ್ಯವನ್ನು ತುಮಕೂರಿನ ನೀರು ಕ್ಷಮಿಸದಿರಬಹುದು.

ಕಲ್ಪತರು, ತುಮಕೂರು

ಹಾಗಾದರೆ ಆರ್‌ಒ ನೀರನ್ನೇ ಪೂರ್ತಿಯಾಗಿ ತುಂಬಿಸಿಬಿಡಲೇ?

ಸಹ್ಯಾದ್ರಿ ರಸಾಯನ, ಧಾರವಾಡ

ದಯವಿಟ್ಟು ಹಾಗೆ ಮಾಡಬೇಡಿ. ಆರ್‌ಒ ನೀರಿನಲ್ಲಿ ಮೀನಿಗೂ ಗಿಡಗಳಿಗೂ ಬೇಕಾದ ಖನಿಜಗಳು ಹೋಗಿರುತ್ತವೆ, ಪಿಎಚ್ ಅನ್ನು ಹಿಡಿದು ನಿಲ್ಲಿಸುವ ಬೈಕಾರ್ಬೊನೇಟೂ ಬಹುಪಾಲು ಹೋಗಿರುತ್ತದೆ. ಬ್ಯಾಕ್ಟೀರಿಯಾ ಅಮೋನಿಯಾವನ್ನು ಬದಲಿಸುವಾಗ ಆಮ್ಲ ಹುಟ್ಟುತ್ತದೆ. ಅದನ್ನು ತಡೆಯುವ ಅಂಶ ನೀರಿನಲ್ಲಿ ಇಲ್ಲದಿದ್ದರೆ ಪಿಎಚ್ ಒಮ್ಮೆಲೇ ಕುಸಿಯುತ್ತದೆ. ಅರ್ಧ ಕೊಳವೆಬಾವಿ ನೀರು, ಅರ್ಧ ಆರ್‌ಒ ನೀರು ಬೆರೆಸಿ. ಟಿಡಿಎಸ್ 800ರ ನಿಮ್ಮ ನೀರಿಗೆ 50ರ ಆರ್‌ಒ ನೀರನ್ನು ಸಮಪಾಲು ಬೆರೆಸಿದರೆ 425ರ ಆಸುಪಾಸಿನ ನೀರು ಸಿಗುತ್ತದೆ, ಅದು ಬೆಟ್ಟಾ ಮೀನಿಗೆ ಹೊಂದುತ್ತದೆ. ಬೆರಕೆಯ ಪ್ರಮಾಣವನ್ನು ವಾರದಿಂದ ವಾರಕ್ಕೆ ಬದಲಿಸದಿರುವುದು, ಒಂದು ನಿರ್ದಿಷ್ಟ ಸಂಖ್ಯೆಯನ್ನು ಮುಟ್ಟುವುದಕ್ಕಿಂತ ಮುಖ್ಯ. ಕೊಳವೆಬಾವಿಯಿಂದ ಆಗಷ್ಟೇ ಎತ್ತಿದ ನೀರನ್ನು ಒಂದು ರಾತ್ರಿ ಬಕೆಟ್ಟಿನಲ್ಲಿ ತೆರೆದಿಡಿ, ಅದರಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ನೆಲೆಗೊಳ್ಳುತ್ತದೆ.

ಹಳೇ ತೊಟ್ಟಿ, ಬೆಂಗಳೂರು

ನಲ್ಲಿ ನೀರು ಬಳಸುವವರಿಗಾಗಿ ಒಂದು ಸೇರ್ಪಡೆ. ಕಾವೇರಿ ನೀರಿನ ಕ್ಲೋರಿನ್ ಒಂದು ದಿನ ತೆರೆದಿಟ್ಟರೆ ಹೋಗುತ್ತದೆ. ಕಾಯಲು ಸಮಯವಿಲ್ಲದಿದ್ದರೆ ಅಂಗಡಿಯಲ್ಲಿ ಆ್ಯಂಟಿ ಕ್ಲೋರಿನ್ ಎಂದು ಸಿಗುವ ಹನಿಗಳನ್ನು ಬಳಸಿ. ಓವರ್‌ಹೆಡ್ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುವಷ್ಟು ಬಿಸಿಯಾಗಿರುತ್ತದೆ, ಡಿಸೆಂಬರಿನ ಬೆಳಗ್ಗೆ ಕೊರೆಯುತ್ತಿರುತ್ತದೆ. ಅದನ್ನು ನೇರವಾಗಿ ತೊಟ್ಟಿಗೆ ಸುರಿಯಬಾರದು. ಈ ವಿಷಯದಲ್ಲಿ ನಮ್ಮೆಲ್ಲರಿಗೂ ಒಮ್ಮತವಿರುತ್ತದೆಂದು ಭಾವಿಸುತ್ತೇನೆ.

ಗಂಗಾವಳಿ ದಂಡೆ, ಅಂಕೋಲಾ

ಹೀಟರಿನ ಮಾತಿಗೆ ಬರುತ್ತೇನೆ. ನಮ್ಮ ಕರಾವಳಿಯಲ್ಲಿ ವರ್ಷದ ಬಹುಪಾಲು ತೊಟ್ಟಿಯ ನೀರು ತಾನಾಗಿಯೇ 26ರಿಂದ 29 ಡಿಗ್ರಿಯಲ್ಲಿ ಇರುತ್ತದೆ. ಇಲ್ಲಿ ಹೀಟರ್ ಮಾರುವುದು ಅನಗತ್ಯ ಖರ್ಚು ಮಾಡಿಸಿದಂತೆ. ಎಲ್ಲ ಊರಿಗೂ ಒಂದೇ ಪಟ್ಟಿ ಕೊಡಬೇಡಿ.

ನೀರಂಚು, ಮೈಸೂರು

ಒಪ್ಪುತ್ತೇನೆ. ಆದರೆ ಪ್ರಶ್ನೆ ಬಂದಿರುವುದು ತುಮಕೂರಿನಿಂದ. ಈ ಮೀನಿಗೆ 25ರಿಂದ 28 ಡಿಗ್ರಿ ಹಿತ. ಬೆಂಗಳೂರು, ತುಮಕೂರು, ಮೈಸೂರುಗಳಲ್ಲಿ ಡಿಸೆಂಬರ್ ಮತ್ತು ಜನವರಿಯ ರಾತ್ರಿ ಹೊರಗಿನ ಉಷ್ಣತೆ 15 ಡಿಗ್ರಿಯ ಹತ್ತಿರಕ್ಕೆ ಇಳಿಯುವುದುಂಟು, ಮನೆಯೊಳಗಿನ ನೀರು 21ಕ್ಕೋ 22ಕ್ಕೋ ಬರುತ್ತದೆ. ಆಗ ಮೀನು ಮಂಕಾಗುತ್ತದೆ, ತಿಂದದ್ದು ಅರಗುವುದಿಲ್ಲ, ರೋಗ ಬೇಗ ತಗಲುತ್ತದೆ. ಇಪ್ಪತ್ತೆರಡು ಲೀಟರಿಗೆ 25 ವಾಟಿನ, ಸಿಗದಿದ್ದರೆ 50 ವಾಟಿನ, ಥರ್ಮೋಸ್ಟಾಟ್ ಇರುವ ಹೀಟರ್ ಸಾಕು. ಅಗ್ಗದ ಹೀಟರಿನ ಮೇಲೆ ಬರೆದಿರುವ ಸಂಖ್ಯೆಯನ್ನು ನಂಬದೆ ಪ್ರತ್ಯೇಕ ಥರ್ಮಾಮೀಟರ್ ಹಾಕಿ. ನೀರು ಬದಲಿಸುವಾಗ ಪ್ಲಗ್ ಕಿತ್ತಿಡಬೇಕು. ತಂತಿಯನ್ನು ಸಾಕೆಟ್ಟಿಗಿಂತ ಕೆಳಕ್ಕೆ ಇಳಿಬಿಟ್ಟು ಮೇಲಕ್ಕೆ ಒಯ್ದರೆ ಜಾರಿ ಬರುವ ನೀರಿನ ಹನಿ ಸ್ವಿಚ್ಚಿಗೆ ತಲುಪದೆ ಕೆಳಗೆ ಬೀಳುತ್ತದೆ. ಮಗು ಇರುವ ಮನೆಯಲ್ಲಿ ಇದನ್ನು ಮರೆಯಬಾರದು.

ಬಿಸಿಲ ಬೀದಿ, ರಾಯಚೂರು

ನಮ್ಮ ಕಷ್ಟವೇ ಬೇರೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನೀರು 33 ಡಿಗ್ರಿ ದಾಟುತ್ತದೆ. ತೊಟ್ಟಿಯ ಮುಚ್ಚಳವನ್ನು ಬಲೆಗೆ ಬದಲಿಸಿ, ನೀರಿನ ಮೇಲ್ಮೈಗೆ ಸಣ್ಣ ಫ್ಯಾನಿನ ಗಾಳಿ ಬಿಟ್ಟರೆ ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕಡಿಮೆಯಾದಷ್ಟು ನೀರನ್ನು ಆರ್‌ಒ ನೀರಿನಿಂದಲೇ ತುಂಬಿಸಬೇಕು, ಏಕೆಂದರೆ ಆವಿಯಾಗುವಾಗ ಲವಣಗಳೆಲ್ಲ ತೊಟ್ಟಿಯಲ್ಲೇ ಉಳಿದಿರುತ್ತವೆ. ಐಸ್ ತುಂಡುಗಳನ್ನು ನೀರಿಗೆ ಹಾಕುವವರನ್ನು ನೋಡಿದ್ದೇನೆ. ಉಷ್ಣತೆಯ ಆ ಏರಿಳಿತ ಸೆಕೆಗಿಂತಲೂ ಕೆಟ್ಟದ್ದು.

ಎಲೆಹಾಸು, ಸಾಗರ

ಇಷ್ಟು ಹೊತ್ತಾದರೂ ಯಾರೂ ಗಿಡಗಳ ಹೆಸರೆತ್ತಿಲ್ಲವೆಂಬುದು ನನಗೆ ಬೇಸರ ತಂದಿದೆ. ಬೆಟ್ಟಾ ಬೆಳೆದುಬಂದದ್ದು ಗಿಡಗಳ ನಡುವೆ. ಬಟ್ಟಬಯಲಾದ ಗಾಜಿನ ತೊಟ್ಟಿ ಎಷ್ಟೇ ದೊಡ್ಡದಿದ್ದರೂ ಅದಕ್ಕೆ ಅಡಗಲು ಜಾಗವಿಲ್ಲದ ಅಂಗಳವೇ. ಜಾವಾ ಫರ್ನ್ ಮತ್ತು ಅನುಬಿಯಾಸ್ ಎರಡೂ ಕಡಿಮೆ ಬೆಳಕಿನಲ್ಲಿ ಬದುಕುತ್ತವೆ. ಅವುಗಳ ಗೆಡ್ಡೆಯಂಥ ಕಾಂಡವನ್ನು ಮರಳಿನಲ್ಲಿ ಹೂಳದೆ ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಬೇಕು, ಹೂತರೆ ಕೊಳೆಯುತ್ತದೆ. ಅನುಬಿಯಾಸ್‌ನ ಅಗಲ ಎಲೆಯನ್ನು ನೀರಿನ ಮೇಲ್ಮೈಗೆ ಹತ್ತಿರ ಬರುವಂತೆ ಕೂರಿಸಿದರೆ ಮೀನು ಅದರ ಮೇಲೆ ಒರಗಿ ವಿಶ್ರಮಿಸುತ್ತದೆ. ಮನೆಯಲ್ಲಿ ಮನಿ ಪ್ಲಾಂಟ್ ಇದ್ದರೆ ಬೇರು ಮಾತ್ರ ನೀರಿಗಿಳಿಯುವಂತೆ ಒಂದು ಬಳ್ಳಿಯನ್ನು ಅಂಚಿಗೆ ಸಿಕ್ಕಿಸಿ. ಅದು ನೈಟ್ರೇಟನ್ನು ಹೀರಿಕೊಂಡು ಬೆಳೆಯುತ್ತದೆ. ಪ್ಲಾಸ್ಟಿಕ್ ಗಿಡಗಳ ಚೂಪು ಅಂಚು ಮೀನಿನ ರೆಕ್ಕೆಯನ್ನು ಹರಿಯುತ್ತದೆ, ಅವನ್ನು ಕೊಳ್ಳಬೇಡಿ.

ಇನ್ನೊಂದು ವಸ್ತು ನಮ್ಮ ಊರುಗಳಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ರಸ್ತೆಬದಿಯಲ್ಲಿ, ಶಾಲೆಯ ಅಂಗಳದಲ್ಲಿ ಅಂತಸ್ತು ಅಂತಸ್ತಾಗಿ ಕೊಂಬೆ ಚಾಚಿ ನಿಲ್ಲುವ ಕಾಡುಬಾದಾಮಿ ಮರದ ಎಲೆ ಕೆಂಪಾಗಿ ಉದುರುತ್ತದಲ್ಲ, ಅದನ್ನೇ ಪೊಟ್ಟಣ ಕಟ್ಟಿ ಬೆಟ್ಟಾ ಎಲೆಯೆಂದು ಮಾರುತ್ತಾರೆ. ತಾನಾಗಿ ಉದುರಿ ಪೂರ್ತಿ ಒಣಗಿದ ಎಲೆಯನ್ನು ತೊಳೆದು ತೊಟ್ಟಿಗೆ ಒಂದನ್ನು ಹಾಕಿ. ಅದರ ಟ್ಯಾನಿನ್ನಿನಿಂದ ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗುತ್ತದೆ, ಅದು ಕೊಳೆಯಲ್ಲ. ಔಷಧ ಸಿಂಪಡಿಸಿದ ತೋಟದ ಎಲೆಯನ್ನಾಗಲಿ, ವಾಹನಗಳ ಹೊಗೆ ಕೂತಿರುವ ದೊಡ್ಡ ರಸ್ತೆಯ ಎಲೆಯನ್ನಾಗಲಿ ತರಬೇಡಿ.

ಸಹ್ಯಾದ್ರಿ ರಸಾಯನ, ಧಾರವಾಡ

ಎಲೆಹಾಸು ಅವರ ಸಲಹೆ ಸರಿಯಾದದ್ದೇ, ಆದರೆ ತುಮಕೂರಿನ ಗಡಸು ನೀರಿನಲ್ಲಿ ಒಂದು ಎಲೆ ಪಿಎಚ್ ಅನ್ನು ಹೇಳಿಕೊಳ್ಳುವಷ್ಟು ಇಳಿಸುತ್ತದೆಂದು ನಿರೀಕ್ಷಿಸಬಾರದು. ತಳಕ್ಕೆ ಹಾಕುವ ಬಿಳಿ ಕಲ್ಲುಗಳನ್ನೂ ಪರೀಕ್ಷಿಸಿ. ಕಲ್ಲಿನ ಮೇಲೆ ವಿನೆಗರ್ ಹನಿಸಿದಾಗ ನೊರೆ ಬಂದರೆ ಅದು ಸುಣ್ಣದಂಶದ ಕಲ್ಲು, ನೀರನ್ನು ಇನ್ನಷ್ಟು ಗಡಸಾಗಿಸುತ್ತದೆ. ಚೆನ್ನಾಗಿ ತೊಳೆದ ಹೊಳೆಮರಳು ಉತ್ತಮ.

ಕಲ್ಪತರು, ತುಮಕೂರು

ಒಂದು ಅಡಿಯ ತೊಟ್ಟಿಯನ್ನೇ ಕೊಳ್ಳಲು ನಿರ್ಧರಿಸಿದ್ದೇನೆ. ಎಲ್ಲಿ ಇಡಬೇಕೆಂಬುದು ಈಗಿನ ಪ್ರಶ್ನೆ. ನಮ್ಮ ತಾಯಿಯವರು ವಾಸ್ತುವಿನ ಪ್ರಕಾರ ಹಜಾರದ ಈಶಾನ್ಯ ಮೂಲೆಯೇ ಆಗಬೇಕೆನ್ನುತ್ತಾರೆ, ಅಲ್ಲಿ ಕಿಟಕಿಯಿಂದ ಬೆಳಗಿನ ಬಿಸಿಲು ಬೀಳುತ್ತದೆ.

ಹೊಂಗೆ ನೆರಳು, ಚಿತ್ರದುರ್ಗ

ತಾಯಿಯವರ ಮಾತನ್ನು ಮೀರಬೇಕಾಗಿಲ್ಲ. ಅದೇ ಮೂಲೆಯಲ್ಲಿ ಬಿಸಿಲು ನೇರವಾಗಿ ಬೀಳದಂತೆ ದಪ್ಪ ಪರದೆ ಹಾಕಿ, ಇಲ್ಲವಾದರೆ ಪಾಚಿ ಬೆಳೆದು ಗಾಜು ಹಸಿರಾಗುತ್ತದೆ. ನೀರು, ಮರಳು, ಗಾಜು ಸೇರಿ 30 ಕಿಲೊಗಿಂತ ಹೆಚ್ಚು ತೂಗುವುದರಿಂದ ಅಲುಗಾಡದ ಮೇಜು ಬೇಕು, ತೊಟ್ಟಿಯ ಅಡಿಗೆ ಥರ್ಮೋಕೋಲ್ ಹಾಳೆ ಹಾಸಬೇಕು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಸೊಳ್ಳೆ ಓಡಿಸಲು ಸಾಕೆಟ್ಟಿಗೆ ಸಿಕ್ಕಿಸುವ ದ್ರವದಲ್ಲಿ, ಸೊಳ್ಳೆ ಬತ್ತಿಯಲ್ಲಿ, ಜಿರಳೆಗೆ ಹೊಡೆಯುವ ಸ್ಪ್ರೇಯಲ್ಲಿ ಸಾಮಾನ್ಯವಾಗಿ ಪೈರೆಥ್ರಾಯ್ಡ್ ಜಾತಿಯ ರಾಸಾಯನಿಕಗಳಿರುತ್ತವೆ. ಮನುಷ್ಯರಿಗೆ ಅಷ್ಟಾಗಿ ತೊಂದರೆ ಕೊಡದ ಆ ವಸ್ತುಗಳು ಮೀನಿಗೆ ಅತಿ ಕಡಿಮೆ ಪ್ರಮಾಣದಲ್ಲೂ ಕಡುವಿಷ. ಕೋಣೆಯ ಗಾಳಿಯನ್ನೇ ಏರ್ ಪಂಪ್ ನೀರಿಗೆ ತುಂಬುತ್ತಿರುತ್ತದೆ, ಬೆಟ್ಟಾ ಮೇಲೆ ಬಂದು ಅದೇ ಗಾಳಿಯನ್ನು ಕುಡಿಯುತ್ತದೆ. ತೊಟ್ಟಿ ಇರುವ ಕೋಣೆಯಲ್ಲಿ ಇವನ್ನು ಬಳಸಲೇಬೇಡಿ, ಕಿಟಕಿಗೆ ಸೊಳ್ಳೆ ಬಲೆ ಹಾಕಿಸಿ. ಊದುಬತ್ತಿಯನ್ನೂ ದೂರದಲ್ಲೇ ಹಚ್ಚುವುದು ಒಳ್ಳೆಯದು.

ಗಂಗಾವಳಿ ದಂಡೆ, ಅಂಕೋಲಾ

ಮುಚ್ಚಳವನ್ನು ಯಾರೂ ಒತ್ತಿ ಹೇಳಲಿಲ್ಲ. ಈ ಮೀನು ಚೆನ್ನಾಗಿ ಹಾರುತ್ತದೆ. ಮುಚ್ಚಳಕ್ಕೂ ನೀರಿಗೂ ನಡುವೆ ಎರಡು ಅಂಗುಲ ಗಾಳಿ ಇರಬೇಕು, ಗಾಳಿಯಾಡಲು ಸಂದೂ ಇರಬೇಕು.

ತುಂತುರು, ಬೆಂಗಳೂರು

ಒಂದೇ ಮೀನು ಒಂಟಿಯಾಗಿ ಬೇಸರಪಡುವುದಿಲ್ಲವೇ? ಜೊತೆಗೆ ನಾಲ್ಕಾರು ಗಪ್ಪಿಗಳನ್ನು ಬಿಟ್ಟರೆ ಹುಡುಗನಿಗೂ ಸಂತೋಷವಾಗುತ್ತದೆ.

ನೀರಂಚು, ಮೈಸೂರು

ದಯವಿಟ್ಟು ಬೇಡ. ಗಂಡು ಬೆಟ್ಟಾ ತನ್ನ ಜಾಗವನ್ನು ಕಾಯುವ ಮೀನು, ಒಂಟಿತನ ಅದಕ್ಕೆ ಕೊರತೆಯಲ್ಲ. ಬಣ್ಣದ ಬಾಲದ ಗಂಡು ಗಪ್ಪಿಯನ್ನು ಅದು ಎದುರಾಳಿಯೆಂದೇ ತಿಳಿದು ಮೇಲೆ ಬೀಳುತ್ತದೆ. ಎರಡು ಗಂಡುಗಳನ್ನಂತೂ ಒಂದೇ ತೊಟ್ಟಿಗೆ ಬಿಡಲೇಬಾರದು. ಹೆಣ್ಣನ್ನು ಜೊತೆಗಿಟ್ಟರೂ ಮರಿಗಾಗಿ ಕೂಡಿಸುವ ಹೊತ್ತು ಬಿಟ್ಟು ಉಳಿದಂತೆ ಕಾದಾಟವೇ ನಡೆಯುತ್ತದೆ. ಟೈಗರ್ ಬಾರ್ಬ್ ಮೀನುಗಳಾದರೆ ಬೆಟ್ಟಾದ ರೆಕ್ಕೆಯನ್ನೇ ಕಚ್ಚಿ ಹರಿಯುತ್ತವೆ. ಜೊತೆ ಬೇಕೇಬೇಕೆಂದರೆ ಒಂದು ನೆರೈಟ್ ಬಸವನಹುಳುವನ್ನು ತನ್ನಿ.

ಹಳೇ ತೊಟ್ಟಿ, ಬೆಂಗಳೂರು

ಇದರಲ್ಲಿ ನೀರಂಚು ಅವರ ಮಾತು ಪೂರ್ತಿ ಸರಿ. ದಿನವಿಡೀ ಕನ್ನಡಿ ಹಿಡಿದು ಮೀನನ್ನು ಕೆರಳಿಸುವುದನ್ನೂ ಹುಡುಗನಿಗೆ ಬೇಡವೆಂದು ತಿಳಿಸಿ ಹೇಳಿ.

ಆಹಾರದ ಬಗ್ಗೆಯೂ ಬರೆದುಬಿಡುತ್ತೇನೆ. ದೇವಸ್ಥಾನದ ಕಲ್ಯಾಣಿಯ ಮೀನುಗಳಿಗೆ ಮಂಡಕ್ಕಿ ಹಾಕಿ ಅಭ್ಯಾಸವಾದವರು ಇದಕ್ಕೂ ಅನ್ನದ ಅಗುಳು, ಮಂಡಕ್ಕಿ ಹಾಕುತ್ತಾರೆ. ಬೆಟ್ಟಾ ಹುಳುಹುಪ್ಪಟೆ ತಿನ್ನುವ ಮೀನು, ಧಾನ್ಯ ಅದಕ್ಕೆ ಆಹಾರವಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಮೀನು ಅಥವಾ ಸಿಗಡಿ ಮೊದಲು ಬರುವ ಸಣ್ಣ ಕಾಳಿನ ಆಹಾರವನ್ನು ಬೆಳಗ್ಗೆ ಎರಡು ಮೂರು ಕಾಳು, ಸಂಜೆ ಎರಡು ಮೂರು ಕಾಳು ಕೊಟ್ಟರೆ ಸಾಕು. ವಾರಕ್ಕೊಂದು ದಿನ ಉಪವಾಸ ಒಳ್ಳೆಯದು. ಚರಂಡಿಯಿಂದ ಸೊಳ್ಳೆಮರಿ ತಂದು ಹಾಕಿದರೆ ಅದರೊಂದಿಗೆ ರೋಗವೂ ಬರುತ್ತದೆ.

ಎಲೆಹಾಸು, ಸಾಗರ

ಒಂದು ಮಾತು ಸೇರಿಸಲೇಬೇಕು. ಮುಂದೆ ಯಾವ ಕಾರಣಕ್ಕಾಗಿಯಾದರೂ ಮೀನು ಬೇಡವೆನಿಸಿದರೆ ಕೆರೆಗೋ ಹೊಳೆಗೋ ಬಿಡಬೇಡಿ, ಸಾಕುವವರಿಗೆ ಕೊಡಿ. ಬೆಟ್ಟಾದ ದೂರದ ಸಂಬಂಧಿಯಾದ, ಅದರಂತೆಯೇ ನೊರೆಗೂಡು ಕಟ್ಟುವ ಪುಟ್ಟ ಮೀನೊಂದು ದಕ್ಷಿಣ ಭಾರತದ ಕರಾವಳಿಯ ಗದ್ದೆ, ಹಳ್ಳಗಳಲ್ಲಿ ಇಂದಿಗೂ ಇದೆ. ಸ್ಯೂಡೊಸ್ಫ್ರೊಮೆನಸ್ ಕ್ಯುಪಾನಸ್ ಎಂಬುದು ಅದರ ವೈಜ್ಞಾನಿಕ ಹೆಸರು. ಅಂಥ ನಮ್ಮ ಮೀನುಗಳ ನೀರಿಗೆ ಹೊರಗಿನ ಮೀನನ್ನೂ ಅದರ ರೋಗವನ್ನೂ ಸೇರಿಸಬಾರದು.

ಕಲ್ಪತರು, ತುಮಕೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾಳೆಯೇ ತೊಟ್ಟಿ, ಸ್ಪಾಂಜ್ ಫಿಲ್ಟರ್ ಮತ್ತು ಪರೀಕ್ಷಾ ಕಿಟ್ ತರುತ್ತೇನೆ. ಎರಡು ಸಂದೇಹಗಳು ಉಳಿದಿವೆ. ನಮ್ಮಲ್ಲಿ ಬೇಸಗೆಯಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುತ್ತದೆ. ದೀಪಾವಳಿಗೆ ನಾಲ್ಕು ದಿನ ಊರಿಗೆ ಹೋಗುವ ವಾಡಿಕೆಯೂ ಇದೆ. ಆಗೆಲ್ಲ ಏನು ಮಾಡಬೇಕು?

ಸಹ್ಯಾದ್ರಿ ರಸಾಯನ, ಧಾರವಾಡ

ಕರೆಂಟ್ ಹೋದಾಗ ಮೀನು ಗಾಳಿ ಕುಡಿದು ಇರುತ್ತದೆ, ಕಷ್ಟವಾಗುವುದು ಸ್ಪಾಂಜಿನ ಬ್ಯಾಕ್ಟೀರಿಯಾಕ್ಕೆ. ಎರಡು ಮೂರು ಗಂಟೆಗೆ ಏನೂ ಆಗುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಬ್ಯಾಟರಿಯಿಂದ ಓಡುವ ಏರ್ ಪಂಪ್ ಇಟ್ಟುಕೊಳ್ಳಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಕೊಳವೆಗೆ ನಾನ್ ರಿಟರ್ನ್ ವಾಲ್ವ್ ಹಾಕಿ. ಹಾಗೆ ಮಾಡದಿದ್ದರೆ ಕರೆಂಟ್ ಹೋದ ಕೂಡಲೇ ನೀರು ಹಿಮ್ಮುಖವಾಗಿ ಪಂಪಿಗೆ ಇಳಿಯಬಹುದು. ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ.

ಹಳೇ ತೊಟ್ಟಿ, ಬೆಂಗಳೂರು

ದೀಪಾವಳಿಯ ನಾಲ್ಕು ದಿನ ಏನನ್ನೂ ಹಾಕದೆ ಹೋಗಿ. ಬೆಳೆದ ಆರೋಗ್ಯವಂತ ಮೀನು ಅಷ್ಟನ್ನು ಸುಲಭವಾಗಿ ತಡೆದುಕೊಳ್ಳುತ್ತದೆ. ರಜೆಗೆಂದು ಮಾರುವ, ನೀರಿನಲ್ಲಿ ಕರಗುವ ಆಹಾರದ ಬಿಲ್ಲೆಯನ್ನು ಹಾಕಬೇಡಿ, ಅದು ನೀರನ್ನೇ ಕೆಡಿಸುತ್ತದೆ. ಪಕ್ಕದ ಮನೆಯವರಿಗೆ ಒಪ್ಪಿಸುವುದಾದರೆ ಆಹಾರದ ಡಬ್ಬಿಯನ್ನು ಕೊಡದೆ, ಹೀಟರ್ ಮತ್ತು ಪಂಪ್ ಓಡುತ್ತಿವೆಯೇ ಎಂದು ದಿನಕ್ಕೊಮ್ಮೆ ನೋಡಲು ಮಾತ್ರ ಕೇಳಿಕೊಳ್ಳಿ. ಹೊರಡುವ ಎರಡು ದಿನ ಮೊದಲೇ ನೀರು ಬದಲಿಸಿ ಮುಗಿಸಿ. ಬದಲಿಸಿದ ಮೇಲೆ ಏನಾದರೂ ಏರುಪೇರಾದರೆ ಸರಿಪಡಿಸಲು ನೀವು ಮನೆಯಲ್ಲೇ ಇರಬೇಕು.